ಹೆಸರಿನ ಕೊನೆಗೊಂದು ಚುಕ್ಕಿ

ಮೊದಲೇ ಹೇಳಿಬಿಡ್ತೀನಿ. ಆ ಟಿಕೆಟ್ ಕ್ಲೋಸ್ ಮಾಡಿದವನು ನಾನೇ.

ಶುಕ್ರವಾರ ಸಂಜೆ ಐದೂವರೆ. ಔಟರ್ ರಿಂಗ್ ರೋಡ್ ಕಟ್ಟಿಕೊಳ್ಳುವ ಮುಂಚೆ ಹೊರಟುಬಿಡೋಣ ಅಂತ ಲ್ಯಾಪ್‌ಟಾಪ್ ಬ್ಯಾಗಿಗೆ ತುರುಕುವ ಹೊತ್ತಿಗೆ ಟಿಕೆಟ್ ಬಂತು. 'ಕೆಲವು ಹೊಸ ನೌಕರರಿಗೆ ಸಂಬಳ ಬಂದಿಲ್ಲ, ದಯವಿಟ್ಟು ಪರಿಶೀಲಿಸಿ.' ಪ್ರಯಾರಿಟಿ: ಲೋ. ಡ್ಯಾಶ್‌ಬೋರ್ಡ್ ತೆಗೆದು ನೋಡಿದೆ. ಎಲ್ಲಾ ಹಸಿರು. ಸಂಬಳದ ಜಾಬ್ ಟೈಮಿಗೆ ಸರಿಯಾಗಿ ಓಡಿದೆ, ಸರಿಯಾಗಿ ಮುಗಿದಿದೆ. 'ಇಂಟಿಗ್ರೇಷನ್ ಕಡೆಯಿಂದ ಯಾವ ತೊಂದರೆಯೂ ಇಲ್ಲ' ಅಂತ ಒಂದು ಸಾಲು ಬರೆದು ಟಿಕೆಟ್ ಮುಚ್ಚಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಲಿಫ್ಟಿನಲ್ಲಿ ಇಳಿಯುವಾಗ, ಈ ತಿಂಗಳ ರಿಪೋರ್ಟಿನಲ್ಲಿ ಬೇಗ ಮುಗಿಸಿದ ಟಿಕೆಟ್‌ಗಳ ಲೆಕ್ಕಕ್ಕೆ ಇನ್ನೊಂದು ಸೇರಿತು ಅನ್ನುವ ಸಣ್ಣ ಖುಷಿಯೂ ಇತ್ತು. ಸುಳ್ಳು ಯಾಕೆ ಹೇಳಲಿ.

ಆ ಶುಕ್ರವಾರದಿಂದ ಮುಂದಿನ ಬುಧವಾರದವರೆಗೆ ಏನೇನಾಯ್ತು ಅನ್ನೋದು ನನಗೆ ಆಮೇಲೆ ತಿಳಿದದ್ದು. ಅದನ್ನು ಹೇಳುವ ಮೊದಲು ನನ್ನ ಕೆಲಸ ಏನು ಅಂತ ಹೇಳಬೇಕು. ಅಮ್ಮನಿಗೆ ಒಂದು ಸಲ ಹೀಗೆ ವಿವರಿಸಿದ್ದೆ: "ಒಂದು ಸೆಕ್ಷನ್ನಿಂದ ಇನ್ನೊಂದು ಸೆಕ್ಷನ್ನಿಗೆ ಜವಾನ ಫೈಲ್ ಒಯ್ತಾನಲ್ಲ, ಆ ಕೆಲಸ ಮಾಡೋ ಪ್ರೋಗ್ರಾಂ ಬರೀತೀನಿ." "ಅಷ್ಟು ಓದಿ ಜವಾನನ ಕೆಲಸವಾ?" ಅಂದಿದ್ದಳು ಅಮ್ಮ. ಆದರೆ ನಿಜವಾಗಲೂ ಅಷ್ಟೇ. ಕಂಪನಿಗಳಲ್ಲಿ ಎಚ್‌ಆರ್‌ಗೆ ಒಂದು ಸಾಫ್ಟ್‌ವೇರು, ಸಂಬಳಕ್ಕೆ ಇನ್ನೊಂದು, ಬ್ಯಾಂಕಿಗೆ ಮತ್ತೊಂದು. ಒಂದು ಅಮೆರಿಕದ್ದು, ಒಂದು ಜರ್ಮನಿಯದ್ದು, ಒಂದು ಹದಿನೈದು ವರ್ಷದ ಹಿಂದೆ ಯಾರೋ ಬರೆದಿಟ್ಟು ಹೋದದ್ದು. ಒಂದರ ಭಾಷೆ ಇನ್ನೊಂದಕ್ಕೆ ಬರಲ್ಲ. ಮಧ್ಯದಲ್ಲಿ ನಿಂತು ಇಲ್ಲಿಂದ ತೆಗೆದು, ಅವರಿಗೆ ಬೇಕಾದ ಹಾಗೆ ಮಡಚಿ, ಅಲ್ಲಿಗೆ ಮುಟ್ಟಿಸುವುದು ನಮ್ಮ ಕೆಲಸ. ಸರಿಯಾಗಿ ನಡೆದರೆ ನಾವಿದ್ದೇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಈ ಕೆಲಸದಲ್ಲಿ ಸರಿಯಾಗಿ ನಡೆಯುವ ದಾರಿ ಬರೆಯುವುದು ಸುಲಭ. ಕಷ್ಟ ಇರುವುದು ತಪ್ಪಾದಾಗ ಏನು ಮಾಡಬೇಕು ಅಂತ ಬರೆಯುವಲ್ಲಿ. ಗೊತ್ತಿರುವ ತಪ್ಪುಗಳಿಗೆ ದಾರಿಗಳಿವೆ. ನೆಟ್‌ವರ್ಕ್ ಹೋದರೆ ಸ್ವಲ್ಪ ಕಾದು ಮತ್ತೆ ಕಳಿಸು. ಪಾಸ್‌ವರ್ಡ್ ಹಳೆಯದಾದರೆ ಹೊಸದು ತರಿಸು. ಇವೆಲ್ಲ ಮುಗಿದ ಮೇಲೆ ಕೊನೆಯಲ್ಲೊಂದು ಬುಟ್ಟಿ ಇರುತ್ತೆ. 'ಮೇಲಿನ ಯಾವುದೂ ಅಲ್ಲದ, ನಾವು ಊಹಿಸಿರದ ತಪ್ಪು' ಅನ್ನುವ ಬುಟ್ಟಿ. ಮ್ಯೂಲ್‌ಸಾಫ್ಟ್‌ನಂಥ ಟೂಲ್‌ಗಳಲ್ಲಿ ಅಲ್ಲಿ ಎರಡು ಆಯ್ಕೆ ಇರುತ್ತವೆ. ಒಂದು, 'ಆನ್ ಎರರ್ ಪ್ರೊಪಗೇಟ್': ತಪ್ಪಾಯ್ತು ಅಂತ ಮೇಲಿನವರಿಗೆ ಕೂಗಿ ಹೇಳಿ ಕೆಲಸ ನಿಲ್ಲಿಸು. ಇನ್ನೊಂದು, 'ಆನ್ ಎರರ್ ಕಂಟಿನ್ಯೂ': ತಪ್ಪನ್ನು ಇಲ್ಲೇ ನುಂಗಿಕೊಂಡು, ಎಲ್ಲಾ ಸರಿಯಾಯ್ತು ಅನ್ನುವ ಉತ್ತರ ಕೊಟ್ಟು ಮುಂದೆ ನಡಿ. ಎರಡೂ ಅಕ್ಕಪಕ್ಕ ಕೂತಿರುತ್ತವೆ. ಆರಿಸಲು ಒಂದು ಕ್ಲಿಕ್ ಸಾಕು.

ನಾನು 'ಕಂಟಿನ್ಯೂ' ಆರಿಸಿದ್ದೆ. ಅದರೊಳಗೆ ಲಾಗ್‌ಗೆ ಒಂದು ಸಾಲನ್ನೂ ಬರೆದಿದ್ದೆ: 'ಅನಿರೀಕ್ಷಿತ ದೋಷ ಸಂಭವಿಸಿದೆ. ಮುಂದುವರಿಯಲಾಗುತ್ತಿದೆ.' ಇಂಗ್ಲಿಷಿನಲ್ಲಿ ಬರೆದಿದ್ದೆ ಅನ್ನಿ, ಅರ್ಥ ಇಷ್ಟೇ.

ಬುಧವಾರ ಎರಡನೇ ಟಿಕೆಟ್ ಬಂತು. ಈ ಸಲ ಮೈಸೂರು ಕಡೆಯ ಆ ಕಾರ್ಖಾನೆಯ ಎಚ್‌ಆರ್ ಗುಮಾಸ್ತರು ಒಂದು ಎಕ್ಸೆಲ್ ಶೀಟ್ ಲಗತ್ತಿಸಿದ್ದರು. ಹದಿನಾಲ್ಕು ಹೆಸರು. ಎಲ್ಲರೂ ಹೌಸ್‌ಕೀಪಿಂಗ್ ಮತ್ತು ಕ್ಯಾಂಟೀನಿನವರು. ವರ್ಷಗಟ್ಟಲೆ ಕಂಟ್ರಾಕ್ಟರ್ ಕೈಕೆಳಗೆ ದುಡಿದು, ಹಿಂದಿನ ತಿಂಗಳ ಒಂದನೇ ತಾರೀಖಿಗೆ ಕಂಪನಿಯ ರೋಲಿಗೆ ಬಂದವರು. ಪರ್ಮನೆಂಟ್ ಆದ ಮೇಲಿನ ಮೊದಲ ಸಂಬಳ. ಶೀಟ್ ನೋಡುತ್ತಾ ಹೋದಂತೆ ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯ್ತು. ಹದಿನಾಲ್ಕೂ ಒಂದೊಂದೇ ಪದದ ಹೆಸರುಗಳು. ನಿಂಗಮ್ಮ, ಸಿದ್ದಯ್ಯ ಅಂತೀವಲ್ಲ, ಆ ಥರ. ಇನಿಷಿಯಲ್ ಇಲ್ಲ, ಸರ್‌ನೇಮ್ ಇಲ್ಲ.

ನಡೆದದ್ದು ಇಷ್ಟು. ಎಚ್‌ಆರ್ ಸಾಫ್ಟ್‌ವೇರಿನಲ್ಲಿ 'ಲಾಸ್ಟ್ ನೇಮ್' ಕಡ್ಡಾಯ. ಅಡ್ಡಹೆಸರು ಇಲ್ಲದ ಮನುಷ್ಯ ಇರಬಹುದು ಅನ್ನುವುದು ಅದನ್ನು ಮಾಡಿದವರ ತಲೆಗೆ ಬಂದಿಲ್ಲ. (ನಿಮ್ಮಲ್ಲಿ ಯಾರಾದರೂ ಅಮೆರಿಕದ ವೀಸಾದ ಮೇಲೆ ಎಫ್‌ಎನ್‌ಯು ಅಂತ ಹೊಡೆಸಿಕೊಂಡಿದ್ದರೆ ಈ ಸಂಕಟ ಗೊತ್ತಿರುತ್ತೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ, 'ಮೊದಲ ಹೆಸರು ಗೊತ್ತಿಲ್ಲ' ಅನ್ನುವುದನ್ನೇ ನಿಮ್ಮ ಮೊದಲ ಹೆಸರು ಮಾಡಿಬಿಡ್ತಾರೆ.) ಕಾರ್ಖಾನೆಯ ಗುಮಾಸ್ತರು ಇದಕ್ಕೆ ಯಾವಾಗಲೋ ಒಂದು ಉಪಾಯ ಕಂಡುಕೊಂಡಿದ್ದರು. ಲಾಸ್ಟ್ ನೇಮ್ ಜಾಗದಲ್ಲಿ ಒಂದು ಚುಕ್ಕಿ ಹಾಕುವುದು. ಫುಲ್‌ಸ್ಟಾಪ್. ಸಾಫ್ಟ್‌ವೇರು ಅದನ್ನೇ ಹೆಸರು ಅಂತ ನಂಬಿ ಸುಮ್ಮನಾಗುತ್ತಿತ್ತು. ನನಗೆ ಇದು ಗೊತ್ತಿರಲಿಲ್ಲ.

ಮೂರು ತಿಂಗಳ ಹಿಂದೆ ಯಾವುದೋ ಹೆಸರಿನಲ್ಲಿದ್ದ ಒಂದು ವಿಚಿತ್ರ ಚಿಹ್ನೆಯಿಂದಾಗಿ ಬ್ಯಾಂಕು ಇಡೀ ಫೈಲನ್ನೇ ವಾಪಸ್ ಕಳಿಸಿತ್ತು. ಆಗ ನಾನೇ ಒಂದು ಸಾಲು ಬರೆದಿದ್ದೆ: ಹೆಸರುಗಳಲ್ಲಿ ಅಕ್ಷರ ಬಿಟ್ಟು ಬೇರೇನಿದ್ದರೂ ತೆಗೆದುಹಾಕು. ಒಳ್ಳೇ ಕೆಲಸ ಅಂತ ಟೀಮ್ ಚಾಟಿನಲ್ಲಿ ನಾಲ್ಕೈದು ಜನ ಚಪ್ಪಾಳೆ ತಟ್ಟಿದ್ದರು. ಆ ಸಾಲು ಈ ಹದಿನಾಲ್ಕು ಚುಕ್ಕಿಗಳನ್ನೂ ತೆಗೆಯಿತು. ಲಾಸ್ಟ್ ನೇಮ್ ಖಾಲಿಯಾಯ್ತು. ಸಂಬಳದ ಸಾಫ್ಟ್‌ವೇರು ಖಾಲಿ ಹೆಸರು ನೋಡಿ 'ಆಗಲ್ಲ' ಅಂತ ವಾಪಸ್ ಹೇಳಿತು. ನನ್ನ ಬುಟ್ಟಿ ಅದನ್ನು ಹಿಡಿದು, ನುಂಗಿ, ಮುಂದೆ ನಡೆಯಿತು. ಜಾಬ್ ಸಕ್ಸೆಸ್. ಡ್ಯಾಶ್‌ಬೋರ್ಡ್ ಹಸಿರು. ಹಳೆಯ ನೌಕರರಲ್ಲೂ ಚುಕ್ಕಿ ಹೆಸರಿನವರು ಇದ್ದರು. ಅವರ ರೆಕಾರ್ಡ್ ಮೊದಲೇ ಅಲ್ಲಿ ಇದ್ದದ್ದರಿಂದ ಸಂಬಳ ಹೋಗುತ್ತಿತ್ತು. ಆದರೆ ಮೂರು ತಿಂಗಳಿಂದ ಅವರ ವಿಳಾಸ, ನಾಮಿನಿ ಬದಲಾವಣೆ ಒಂದೂ ಆ ಕಡೆ ತಲುಪಿರಲಿಲ್ಲ ಅನ್ನುವುದು ಆಮೇಲೆ ಗೊತ್ತಾಯ್ತು.

ಲಾಗ್ ತೆಗೆದು ನೋಡಿದೆ. ಆ ಸಾಲು ಹದಿನಾಲ್ಕು ಸಲ ಇತ್ತು, ಒಂದರ ಕೆಳಗೊಂದು. ನಾನೇ ಬರೆದ ವಾಕ್ಯ.

'ಅನಿರೀಕ್ಷಿತ' ಅನ್ನುವ ಪದದ ಬಗ್ಗೆ ನನಗೆ ಅನುಮಾನ ಶುರುವಾದದ್ದು ಅವತ್ತು. ಯಾರಿಗೆ ಅನಿರೀಕ್ಷಿತ? ಮಂಡ್ಯ, ಮೈಸೂರು, ಚಾಮರಾಜನಗರದ ಯಾವುದೇ ಹಳ್ಳಿಯ ಹಾಜರಿ ಪುಸ್ತಕ ತೆಗೆದರೂ ಒಂದೇ ಪದದ ಹೆಸರು ಸಿಗುತ್ತೆ. ನನ್ನ ಸ್ವಂತ ಅಜ್ಜಿಗೂ ಒಂದೇ ಪದದ ಹೆಸರು. ಆಕೆಯ ಮೊಮ್ಮಗನಾದ ನಾನೇ ಹೆಸರು ಅಂದರೆ ಎರಡು ಭಾಗ, ಎರಡರಲ್ಲೂ ಬರೀ ಅಕ್ಷರ ಅಂತ ನಂಬಿ ಕೋಡ್ ಬರೆದಿದ್ದೆ. ತಪ್ಪು ಆಕಾಶದಿಂದ ಉದುರಿದ್ದಲ್ಲ. ರಿಕ್ವೈರ್‌ಮೆಂಟ್ ಮೀಟಿಂಗಿನಲ್ಲಿ ಯಾರು ಕೂತಿರಲಿಲ್ಲವೋ ಅವರ ತಲೆಯ ಮೇಲೇ ಸರಿಯಾಗಿ ಹೋಗಿ ಬಿದ್ದಿತ್ತು. ಇಂಥ ತಪ್ಪುಗಳು ಎಲ್ಲರ ಮೇಲೂ ಸಮನಾಗಿ ಬೀಳುತ್ತವೆ ಅಂತ ನಾವು ಅಂದುಕೊಂಡಿರ್ತೀವಿ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ತೆಗೆದುಕೊಳ್ಳದೆ ಸತಾಯಿಸುವುದು ಯಾರನ್ನು? ಕೀಬೋರ್ಡ್ ಕುಟ್ಟುವ ನನ್ನ ಬೆರಳನ್ನಲ್ಲ. ಗಾರೆ ಕಲಸಿ, ಪಾತ್ರೆ ಉಜ್ಜಿ ಸವೆದ ಬೆರಳುಗಳನ್ನು.

ಆ ಸಂಜೆ ಕಾರ್ಖಾನೆಗೆ ಫೋನ್ ಮಾಡಿದೆ. ಹಾಗೆ ಮಾಡುವುದು ಪ್ರೋಸೆಸ್‌ನಲ್ಲಿ ಇಲ್ಲ. ಟಿಕೆಟಿನಲ್ಲಿ ಉತ್ತರ ಬರೆದರೆ ಸಾಕು. ಗುಮಾಸ್ತರು ಒಳ್ಳೆಯವರು, "ತಾಳಿ ಸಾರ್, ಇಲ್ಲೇ ಇದಾರೆ, ನೀವೇ ಹೇಳಿ" ಅಂತ ಸ್ಪೀಕರ್ ಹಾಕಿಬಿಟ್ಟರು. ನಾನು ಸಿದ್ಧನಿರಲಿಲ್ಲ. ಹೆಸರಿನ ವಿಷಯದಲ್ಲಿ ಸಿಸ್ಟಮ್ಮಿನಲ್ಲಿ ಸ್ವಲ್ಪ ತೊಂದರೆಯಾಗಿತ್ತು, ಸರಿ ಮಾಡಿದೀವಿ, ಎರಡು ದಿನದಲ್ಲಿ ಬರುತ್ತೆ ಅಂತ ತೊದಲಿದೆ. ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹೆಂಗಸು ಕೇಳಿದರು:

"ನಮ್ ಹೆಸ್ರಲ್ಲೇನ್ ತಪ್ಪಿತ್ತು ಸಾ?"

ಕೋಪದ ದನಿಯಲ್ಲ. ನಿಜವಾಗಲೂ ತಿಳಿಯದೇ ಕೇಳಿದ ಪ್ರಶ್ನೆ. ಮುಂದೆ ತಪ್ಪಾಗದ ಹಾಗೆ ನೋಡಿಕೊಳ್ಳಬೇಕು ಅನ್ನುವ ಹಾಗೆ.

"ನಿಮ್ ಹೆಸರಲ್ಲಿ ಏನೂ ತಪ್ಪಿಲ್ಲ ಅಕ್ಕಾ. ತಪ್ಪು ನಮ್ದು" ಅಂದೆ. ಅಷ್ಟಾದರೂ ಬಾಯಿಗೆ ಬಂತಲ್ಲ ಅಂತ ಈಗ ಅನ್ನಿಸುತ್ತೆ.

ಗುಮಾಸ್ತರು ಸ್ಪೀಕರ್ ಆರಿಸಿದ ಮೇಲೆ ಉಳಿದದ್ದನ್ನು ಹೇಳಿದರು. ಆಕೆ ಊರಿನ ಮಹಿಳಾ ಸಂಘದಲ್ಲಿ ಸಾಲ ತೆಗೆದಿದ್ದಾರೆ. ವಾರವಾರ ಕಂತು ಕಟ್ಟಬೇಕು. ಸಂಘದ ಸಾಲ ನಿಮಗೆ ಗೊತ್ತಲ್ಲ, ಒಬ್ಬರು ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಿ ತುಂಬಬೇಕು. ಆ ವಾರ ಸಂಘದ ಹೆಂಗಸರು ತಲಾ ಇಷ್ಟು ಅಂತ ಹಾಕಿದ್ದಾರೆ. ಕಾರ್ಖಾನೆ ಕೆಲಸ ಪರ್ಮನೆಂಟ್ ಆಯ್ತು ಅಂತ ಸಿಹಿ ಹಂಚಿದವಳು ಕಂತು ಕಟ್ಟಲಿಲ್ಲ ಅಂದರೆ ಊರು ಏನನ್ನಬೇಕು? ದುಡ್ಡು ಬಂದಿದೆ, ಮುಚ್ಚಿಟ್ಟಿದಾಳೆ ಅಂತ. ಆಕೆ ಆಫೀಸಿಗೆ ಬಂದು, ಸಂಬಳ ಆಗಿಲ್ಲ ಅಂತ ಒಂದು ಚೀಟಿ ಬರೆದುಕೊಡಿ ಅಂತ ಕೇಳಿದ್ದಾರೆ. ಚೀಟಿ ಕೊಡಲು ಸಾಧ್ಯವಾಗಲಿಲ್ಲ. ಯಾಕೆಂದರೆ ಮೊದಲ ಟಿಕೆಟಿಗೆ 'ಯಾವ ತೊಂದರೆಯೂ ಇಲ್ಲ' ಅಂತ ಉತ್ತರ ಬಂದಿತ್ತು.

ಆ ಉತ್ತರ ಕೊಟ್ಟವನು ಯಾರು ಅಂತ ಗುಮಾಸ್ತರಿಗೆ ಹೇಳಿದೆನಾ? ಅವತ್ತು ಹೇಳಲಿಲ್ಲ.

ನಾನು ಸಾಫ್ಟ್‌ವೇರಿನೊಳಗೆ ತಡೆದು ನಿಲ್ಲಿಸಿದ್ದೇನೆ ಅಂದುಕೊಂಡಿದ್ದ ತಪ್ಪು ನಿಂತಿರಲೇ ಇಲ್ಲ. ನನ್ನ ಸರ್ವರಿನಿಂದ ಇಳಿದು, ಕಾರ್ಖಾನೆಯ ಗೇಟು ದಾಟಿ, ಬಸ್ಸು ಹತ್ತಿ, ಸಂಘದ ಹೆಂಗಸರ ಕೈಚೀಲದವರೆಗೆ ಹೋಗಿತ್ತು. ಪ್ರೊಪಗೇಟ್ ಆಗಿತ್ತು. ಮೇಲಕ್ಕೆ ಹೋಗುವ ದಾರಿ ನಾನು ಮುಚ್ಚಿದ್ದರಿಂದ ಕೆಳಕ್ಕೆ ಹರಿದಿತ್ತು.

ಮಾರನೇ ದಿನ ನನ್ನ ಲೀಡ್ ಹತ್ತಿರ ಇದನ್ನೆಲ್ಲ ಹೇಳಿಕೊಂಡೆ. ಅವನು ಗೆಳೆಯನೇ. "ಮಗಾ, ತಲೆ ಕೆಡಿಸ್ಕೋಬೇಡ. ಒಂದ್ ಪ್ರಶ್ನೆಗೆ ಉತ್ತರ ಹೇಳು. ನೀನು ಪ್ರೊಪಗೇಟ್ ಹಾಕಿದ್ರೆ ಏನಾಗ್ತಿತ್ತು? ಇಡೀ ಬ್ಯಾಚ್ ನಿಲ್ತಿತ್ತು. ಹದಿನಾಲ್ಕ್ ಜನಕ್ಕೋಸ್ಕರ ಮೂರು ಸಾವಿರ ಜನರ ಸಂಬಳ ನಿಲ್ಲಿಸ್ಬೇಕಿತ್ತಾ?" ಅಂದ.

ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ನಮ್ಮ ಕಸುಬಿನಲ್ಲಿ 'ತಪ್ಪು ಕಂಡ ಕೂಡಲೇ ನಿಲ್ಲು' ಅನ್ನುವ ಪಂಥವೇ ಇದೆ, ಅದನ್ನು ಒಂದು ಶೀಲದ ಹಾಗೆ ಹೇಳ್ತಾರೆ. ಆದರೆ ನಿಂತು ಕೆಟ್ಟ ಉದಾಹರಣೆಯೂ ಇದೆ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ಟು ಮೊದಲ ಸಲ ಹಾರಿ ಒಂದು ನಿಮಿಷವೂ ಆಗುವ ಮುಂಚೆ ಛಿದ್ರವಾಯ್ತು. ಹಳೆಯ ಏರಿಯಾನ್ 4ರಿಂದ ತಂದಿದ್ದ ಸಾಫ್ಟ್‌ವೇರಿನಲ್ಲಿ 64 ಬಿಟ್ಟಿನ ಒಂದು ಸಂಖ್ಯೆಯನ್ನು 16 ಬಿಟ್ಟಿನ ಜಾಗಕ್ಕೆ ತುರುಕುವ ಸಾಲೊಂದಿತ್ತು. ಹೊಸ ರಾಕೆಟ್ಟಿನ ವೇಗಕ್ಕೆ ಆ ಸಂಖ್ಯೆ ದೊಡ್ಡದಾಯ್ತು, ಜಾಗ ಸಾಲಲಿಲ್ಲ. ಅಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ರಕ್ಷಣೆ ಹಾಕಿದ್ದರು. ಮೂರಕ್ಕೆ ಬೇಕೆಂದೇ ಹಾಕಿರಲಿಲ್ಲ, ಇವು ಅಷ್ಟು ದೊಡ್ಡದಾಗುವುದಿಲ್ಲ ಅಂತ. ತಪ್ಪು ಕಂಡರೆ ಆ ಕಂಪ್ಯೂಟರು ತನ್ನನ್ನು ತಾನೇ ನಿಲ್ಲಿಸಿಕೊಳ್ಳಬೇಕು ಅನ್ನುವುದು ನಿಯಮ. ಅದು ಶಿಸ್ತಾಗಿ ನಿಂತಿತು. ಬದಲಿಗೆ ಇಟ್ಟಿದ್ದ ಎರಡನೆಯದೂ ಅದೇ ಸಾಫ್ಟ್‌ವೇರಿನದ್ದೇ, ಅದೂ ನಿಂತಿತು. ತಮಾಷೆ ಅಂದರೆ, ಆ ಲೆಕ್ಕ ರಾಕೆಟ್ಟು ನೆಲ ಬಿಟ್ಟ ಮೇಲೆ ಬೇಕಾಗಿಯೇ ಇರಲಿಲ್ಲ. ಬೇಡದ ಲೆಕ್ಕದಲ್ಲಿ ಬಂದ ತಪ್ಪಿಗೆ, ನಿಲ್ಲಬಾರದ ಹೊತ್ತಿನಲ್ಲಿ ನಿಂತದ್ದು.

ಹಾಗಾಗಿ 'ನಿಲ್ಲು' ಅನ್ನುವುದು ಪುಣ್ಯ, 'ನಡಿ' ಅನ್ನುವುದು ಪಾಪ ಅಂತ ನಾನು ಹೇಳಲಾರೆ. ಮೂರು ಸಾವಿರ ಮನೆಗಳ ಬಾಡಿಗೆ, ಇಎಂಐ, ಸ್ಕೂಲ್ ಫೀಸು ನಿಲ್ಲಿಸಲು ನನಗೂ ಧೈರ್ಯ ಇರುತ್ತಿರಲಿಲ್ಲ. ಆದರೆ ಗೆಳೆಯನ ಪ್ರಶ್ನೆಯಲ್ಲಿ ಒಂದು ಜಾರಿಕೆ ಇದೆ. ನನ್ನ ತಪ್ಪು ಮುಂದೆ ನಡೆದದ್ದಲ್ಲ. ಮುಂದೆ ನಡೆದು ಎಲ್ಲಾ ಸರಿಯಾಯ್ತು ಅಂತ ಹೇಳಿದ್ದು. 'ಮೂರು ಸಾವಿರ ಹೋಯ್ತು, ಹದಿನಾಲ್ಕು ನನ್ನ ಕೈಯಲ್ಲೇ ಉಳಿದಿದೆ, ಯಾರಾದರೂ ಬಂದು ನೋಡಿ' ಅನ್ನಬಹುದಿತ್ತು. ಸಂಬಳದ ದಿನಕ್ಕೆ ಇನ್ನೂ ನಾಲ್ಕು ವಾರ ಇತ್ತು ನೋಡಿ. ಆ ಹದಿನಾಲ್ಕು ಸಾಲುಗಳು ಲಾಗಿನಲ್ಲಿ ನಾಲ್ಕು ವಾರ ಬಿದ್ದಿದ್ದವು.

ನಮ್ಮಲ್ಲಿ ಇದಕ್ಕೊಂದು ಜಾಗವೇ ಇದೆ. ಡೆಡ್ ಲೆಟರ್ ಕ್ಯೂ. ತಲುಪಿಸಲಾಗದ ಮೆಸೇಜನ್ನು ಬಿಸಾಡದೆ ಪಕ್ಕಕ್ಕಿಡುವ ಸಾಲು. ಹೆಸರು ಬಂದದ್ದು ಅಂಚೆಯಿಂದ. ವಿಳಾಸ ಸಿಗದ ಕಾಗದಗಳು ಹೋಗಿ ಸೇರುವ ಕಚೇರಿಗೆ ಡೆಡ್ ಲೆಟರ್ ಆಫೀಸ್ ಅನ್ನುತ್ತಿದ್ದರು. ನಮ್ಮ ಅಂಚೆ ಇಲಾಖೆಯಲ್ಲಿ ಅದಕ್ಕೆ ರಿಟರ್ನ್ಡ್ ಲೆಟರ್ ಆಫೀಸ್ ಅಂತ ಹೆಸರು. ಅಂಚೆಯವರು ಸಾಮಾನ್ಯವಾಗಿ ಪರರ ಕಾಗದ ಒಡೆಯುವಂತಿಲ್ಲ. ಅಲ್ಲಿ ಮಾತ್ರ, ಕಳಿಸಿದವರ ವಿಳಾಸ ಒಳಗಿದೆಯೇ ಅಂತ ಹುಡುಕಲು ಒಡೆಯಬಹುದು. ನನಗೆ ಈ ಏರ್ಪಾಡು ತುಂಬ ಇಷ್ಟ. ಮುಟ್ಟಿಸಲಾಗದ ಕಾಗದವನ್ನು ಕೊನೆಗೆ ಒಬ್ಬ ಮನುಷ್ಯ ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿ ನೋಡಲೇಬೇಕು ಅಂತ ಯಾರೋ ತೀರ್ಮಾನಿಸಿದರಲ್ಲ, ಅದು. ನಮ್ಮೂರಿನ ಪೋಸ್ಟ್‌ಮನ್ ಅಂತೂ ಆ ಹಂತಕ್ಕೇ ಬಿಡುತ್ತಿರಲಿಲ್ಲ. ಬರೀ 'ಹುಣಸೆಮರದ ಮನೆ' ಅಂತಿದ್ದ ಕಾಗದವೂ ನಮ್ಮ ಅಜ್ಜಿಯ ಕೈ ಸೇರುತ್ತಿತ್ತು.

ಸಾಫ್ಟ್‌ವೇರಿನ ಡೆಡ್ ಲೆಟರ್ ಕ್ಯೂಗಳಲ್ಲಿ ಕನ್ನಡಕದ ಮನುಷ್ಯ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ನಾನು ಕೆಲಸ ಮಾಡಿದ ಪ್ರಾಜೆಕ್ಟುಗಳಲ್ಲಿ ಅವನ್ನು ಕಟ್ಟುತ್ತೇವೆ, ಡಿಸೈನ್ ಡಾಕ್ಯುಮೆಂಟಿನಲ್ಲಿ ಚಂದದ ಬಾಕ್ಸ್ ಬರೆಯುತ್ತೇವೆ, ಆಮೇಲೆ ಯಾರೂ ಆ ಕಡೆ ತಲೆ ಹಾಕುವುದಿಲ್ಲ. ದಿನಕ್ಕೆ ಇನ್ನೂರು ಅಲರ್ಟ್ ಮೇಲ್ ಬಂದರೆ ಯಾರು ನೋಡ್ತಾರೆ? ಔಟ್‌ಲುಕ್ಕಿನಲ್ಲಿ ಒಂದು ರೂಲ್ ಹಾಕಿ ಬೇರೆ ಫೋಲ್ಡರಿಗೆ ತಳ್ಳಿಬಿಡ್ತೀವಿ. ನಾನೂ ತಳ್ಳಿದ್ದೆ. 2012ರ ಆಗಸ್ಟ್ 1ರಂದು ನೈಟ್ ಕ್ಯಾಪಿಟಲ್ ಅನ್ನುವ ಅಮೆರಿಕದ ಷೇರು ದಲ್ಲಾಳಿ ಕಂಪನಿಯಲ್ಲಿ ಹಳೆಯ ಕೋಡೊಂದು ಎದ್ದು ಕೂತು 45 ನಿಮಿಷದಲ್ಲಿ 440 ಮಿಲಿಯನ್ ಡಾಲರಿಗೂ ಹೆಚ್ಚು ಕಳೆಯಿತು. ಅವತ್ತು ಮಾರುಕಟ್ಟೆ ತೆರೆಯುವ ಮುಂಚೆಯೇ ಆ ಕೋಡಿನ ಹೆಸರನ್ನೇ ಹೇಳುವ 97 ಮೇಲ್‌ಗಳು ಒಂದಷ್ಟು ನೌಕರರಿಗೆ ಹೋಗಿದ್ದವು. ಯಾರೂ ಅದರ ಮೇಲೆ ಏನೂ ಮಾಡಲಿಲ್ಲ. ಮೊದಲು ಇದನ್ನು ಓದಿದಾಗ ಎಂಥ ಜನ ಅಂತ ನಕ್ಕಿದ್ದೆ. ಈಗ ನಗು ಬರಲ್ಲ.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ದುಡ್ಡಿನ ಕತೆಯಲ್ಲ, ಬ್ರಿಟನ್ನಿನ ಅಂಚೆ ಇಲಾಖೆಯ ಕತೆ. ಅಲ್ಲಿ ಊರೂರಿನ ಸಣ್ಣ ಅಂಗಡಿಕಾರರು ಕರಾರಿನ ಮೇಲೆ ಪೋಸ್ಟ್ ಆಫೀಸ್ ಕೌಂಟರ್ ನಡೆಸುತ್ತಾರೆ. ಸಬ್‌ಪೋಸ್ಟ್‌ಮಾಸ್ಟರುಗಳು. 1999ರಿಂದ ಅವರಿಗೆಲ್ಲ ಹೊರೈಜನ್ ಅನ್ನುವ ಕಂಪ್ಯೂಟರ್ ವ್ಯವಸ್ಥೆ ಬಂತು. ದಿನದ ಕೊನೆಗೆ ಲೆಕ್ಕ ತಾಳೆಯಾಗದೆ, ದುಡ್ಡು ಕಡಿಮೆ ಇದೆ ಅಂತ ಪರದೆ ತೋರಿಸತೊಡಗಿತು. ಹಲವೆಡೆ ಕಾರಣ ಸಾಫ್ಟ್‌ವೇರಿನ ಬಗ್ಗುಗಳು. ಕೌಂಟರಿಗೂ ಕೇಂದ್ರದ ಕಂಪ್ಯೂಟರಿಗೂ ಮಧ್ಯೆ ಓಡಾಡುವ ಮೆಸೇಜುಗಳ ಪದರದಲ್ಲೂ ತಪ್ಪುಗಳಿದ್ದವು, ಅಂದರೆ ನನ್ನಂಥವರ ಕೆಲಸದ ಜಾಗದಲ್ಲೇ. ಆದರೆ ಕರಾರಿನ ಪ್ರಕಾರ ಕಡಿಮೆ ಬಿದ್ದದ್ದನ್ನು ತುಂಬಬೇಕಾದವರು ಅಂಗಡಿಯವರೇ ಅಂತ ಪೋಸ್ಟ್ ಆಫೀಸಿನವರು ಹಿಡಿದು ಕೂತರು. ಉಳಿತಾಯ ಹಾಕಿ ತುಂಬಿದರು, ಮನೆ ಅಡ ಇಟ್ಟು ತುಂಬಿದರು. ಸಹಾಯವಾಣಿಗೆ ಫೋನ್ ಮಾಡಿದವರಲ್ಲಿ ಹಲವರಿಗೆ ಸಿಕ್ಕ ಉತ್ತರ: ಬೇರೆ ಯಾರಿಗೂ ಈ ತೊಂದರೆ ಇಲ್ಲ, ನಿಮಗೊಬ್ಬರಿಗೇ. ತುಂಬಲಾಗದವರ ಮೇಲೆ ಕಳ್ಳತನದ, ಸುಳ್ಳು ಲೆಕ್ಕದ ಕೇಸು. ಒಂಬೈನೂರಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯ್ತು. ಸೀಮಾ ಮಿಶ್ರಾ ಅನ್ನುವ ಭಾರತ ಮೂಲದ ಹೆಣ್ಣುಮಗಳನ್ನು 2010ರಲ್ಲಿ ಬಸುರಿಯಾಗಿದ್ದಾಗಲೇ ಜೈಲಿಗೆ ಕಳಿಸಿದರು. ಅವತ್ತು ಆಕೆಯ ಮಗನ ಹತ್ತನೇ ಹುಟ್ಟುಹಬ್ಬ. ಶಿಕ್ಷೆ ರದ್ದಾದದ್ದು 2021ರಲ್ಲಿ. 2019ರ ಡಿಸೆಂಬರಿನಲ್ಲಿ ನ್ಯಾಯಾಧೀಶರು, ಹೊರೈಜನ್ನಿನಲ್ಲಿ ತಪ್ಪೇ ಇಲ್ಲ ಅನ್ನುವ ವಾದವನ್ನು ಭೂಮಿ ಚಪ್ಪಟೆಯಾಗಿದೆ ಅನ್ನುವ ವಾದಕ್ಕೆ ಹೋಲಿಸಿದ್ದರು.

ಆ ಕತೆಯಲ್ಲಿ ನನ್ನ ಕಣ್ಣು ನಿಂತದ್ದು ಒಂದು ಸಣ್ಣ ವಿವರದ ಮೇಲೆ. ಮೊದಲು ಆ ವ್ಯವಸ್ಥೆಯಲ್ಲಿ ಸಸ್ಪೆನ್ಸ್ ಅಕೌಂಟ್ ಅಂತ ಇತ್ತು. ತಾಳೆಯಾಗದ ಮೊತ್ತವನ್ನು, ಇದು ಯಾಕೆ ಅಂತ ಗೊತ್ತಾಗುವವರೆಗೆ, ಪಕ್ಕಕ್ಕಿಡುವ ಖಾನೆ. 2005ರಲ್ಲಿ ಅದನ್ನು ತೆಗೆದರು. ಆಮೇಲೆ ಪರದೆಯ ಮೇಲೆ 'ಈ ಲೆಕ್ಕ ನಾನು ಒಪ್ಪುವುದಿಲ್ಲ' ಅನ್ನಲು ಒಂದು ಬಟನ್ನೂ ಇರಲಿಲ್ಲ. ಲೆಕ್ಕ ಒಪ್ಪಿದೆ ಅನ್ನದೆ ಮರುದಿನದ ವ್ಯಾಪಾರವೇ ಮುಂದುವರಿಯದು. ತಪ್ಪು ಇರಬಹುದಾದ ಜಾಗವನ್ನೇ ತೆಗೆದರೆ ತಪ್ಪು ಎಲ್ಲಿಗೆ ಹೋಗಬೇಕು? ಎದುರಿಗೆ ಕೂತ ಮನುಷ್ಯನೊಳಗೆ ಹೋಗುತ್ತೆ. ಮಷೀನು ತಪ್ಪಿಲ್ಲ ಅಂದ ಮೇಲೆ ಕಳ್ಳ ಅವನೇ.

ನಮ್ಮ ಕಾರ್ಖಾನೆಯದ್ದು ಐದು ದಿನದ ಕತೆ, ಹೋಲಿಸಿದರೆ ಏನೂ ಅಲ್ಲ. ಆದರೆ ಸಂಘದ ಹೆಂಗಸರು ಆ ಅಕ್ಕನ ಬಗ್ಗೆ ಅನುಮಾನ ಪಟ್ಟದ್ದಕ್ಕೂ ಇದಕ್ಕೂ ಬೇರು ಒಂದೇ. ನಾನು ಬರೆದ ಆ ಒಂದು ಸಾಲಿನ ಉತ್ತರವೇ ಆಕೆಯ ವಿರುದ್ಧದ ಸಾಕ್ಷಿಯಾಗಿತ್ತು.

ಮುಂದಿನ ವಾರ ರೂಟ್ ಕಾಸ್ ಅನಾಲಿಸಿಸ್ ಬರೆಯಬೇಕಾಯ್ತು. ಮೊದಲ ಡ್ರಾಫ್ಟಿನಲ್ಲಿ 'ನಾನು ಟಿಕೆಟನ್ನು ಲಾಗ್ ನೋಡದೆ ಮುಚ್ಚಿದೆ' ಅಂತ ಬರೆದಿದ್ದೆ. ಮ್ಯಾನೇಜರ್ ಅದನ್ನು 'ಟಿಕೆಟ್ ಅಕಾಲಿಕವಾಗಿ ಮುಚ್ಚಲ್ಪಟ್ಟಿತು' ಅಂತ ತಿದ್ದಿದರು. ನನ್ನನ್ನು ಉಳಿಸಲೆಂದೇ ಮಾಡಿದ್ದು, ಅದರಲ್ಲಿ ಅನುಮಾನ ಇಲ್ಲ. ನಮ್ಮ ಉದ್ಯಮದಲ್ಲಿ ಇದಕ್ಕೊಂದು ಒಳ್ಳೆಯ ತತ್ವವೂ ಇದೆ. ಬ್ಲೇಮ್‌ಲೆಸ್ ಪೋಸ್ಟ್‌ಮಾರ್ಟಮ್. ಯಾರು ಅಂತ ಕೇಳಬೇಡಿ, ಹೇಗೆ ಅಂತ ಕೇಳಿ. ಬೈಗುಳದ ಭಯ ಇದ್ದರೆ ಜನ ನಿಜ ಹೇಳುವುದಿಲ್ಲ, ನಿಜ ಹೇಳದಿದ್ದರೆ ತಪ್ಪು ತಿದ್ದಲಾಗುವುದಿಲ್ಲ. ಜಾನ್ ಆಲ್ಸ್‌ಪಾ 2012ರಲ್ಲಿ ಎಟ್ಸಿಯಲ್ಲಿದ್ದಾಗ ಇದರ ಬಗ್ಗೆ ಬರೆದ ಮೇಲೆ ಬಹಳ ಕಂಪನಿಗಳು ಇದನ್ನು ಹಿಡಿದುಕೊಂಡವು. ನಾನೂ ಒಪ್ಪುತ್ತೇನೆ. ಹೊಸ ಹುಡುಗನೊಬ್ಬ ಪ್ರೊಡಕ್ಷನ್ ಕೆಡವಿದರೆ ಅವನನ್ನು ಗೋಡೆಗೆ ನಿಲ್ಲಿಸಿ ಏನು ಪ್ರಯೋಜನ?

ಆದರೂ ಏನೋ ಸಾಲದು ಅನ್ನಿಸುತ್ತೆ. ಕನ್ನಡದಲ್ಲಿ 'ತಪ್ಪಾಯ್ತು' ಅಂತೀವಿ. ವ್ಯಾಕರಣ ನೋಡಿದರೆ ಇದೂ ಕರ್ತೃ ಇಲ್ಲದ ವಾಕ್ಯವೇ. 'ದೋಷ ಸಂಭವಿಸಿದೆ' ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ಇರಬಾರದು. ತಪ್ಪು ತಾನಾಗಿ ಆಯಿತು, ಅಷ್ಟೇ. ಆದರೆ ಯಾರಾದರೂ ನಮ್ಮೆದುರು ನಿಂತು "ತಪ್ಪಾಯ್ತು" ಅಂದರೆ, ಯಾರಿಂದ ಅಂತ ನಾವು ಕೇಳುತ್ತೇವಾ? ಹೇಳಿದವನದ್ದೇ ತಪ್ಪು, ಅವನು ಒಪ್ಪಿಕೊಳ್ಳುತ್ತಿದ್ದಾನೆ. 'ನಾನು' ಅನ್ನುವ ಪದ ಇಲ್ಲದೆಯೇ ನಾನು ಅಲ್ಲಿ ಇದ್ದೇನೆ, ಎದುರಿಗೆ ನಿಂತಿದ್ದೇನೆ. ರಿಪೋರ್ಟಿನ ವಾಕ್ಯ ಯಾರ ಎದುರೂ ನಿಲ್ಲುವುದಿಲ್ಲ. ಆ ಹದಿನಾಲ್ಕು ಜನರಲ್ಲಿ ಒಬ್ಬರೂ ಓದದ ಡಾಕ್ಯುಮೆಂಟಿನಲ್ಲಿ ಅದು ಇಂಗ್ಲಿಷಿನಲ್ಲಿ ಮಲಗಿರುತ್ತೆ. ನಮ್ಮೊಳಗೆ ಬ್ಲೇಮ್‌ಲೆಸ್ ಆಗಿರುವುದು ಸರಿ. ಹೊರಗೆ ಪೆಟ್ಟು ತಿಂದವರ ಹತ್ತಿರವೂ ಬ್ಲೇಮ್‌ಲೆಸ್ ಆಗಿಬಿಟ್ಟರೆ?

ಮ್ಯಾನೇಜರ್ ತಿದ್ದಿದ ವಾಕ್ಯವನ್ನು ನಾನು ಹಾಗೆಯೇ ಬಿಟ್ಟೆ. ಅಪ್ರೈಸಲ್ ಹತ್ತಿರ ಇತ್ತು. ಆದರೆ ಗುಮಾಸ್ತರಿಗೆ ಮತ್ತೆ ಫೋನ್ ಮಾಡಿ, ಮೊದಲನೇ ಉತ್ತರ ಬರೆದದ್ದು ನಾನೇ, ನೋಡದೆ ಬರೆದೆ, ತಪ್ಪಾಯ್ತು ಅಂದೆ. ಸಂಘದವರಿಗೆ ತೋರಿಸಲು ಒಂದು ಚೀಟಿ ಬೇಕಂತಿದ್ದರಲ್ಲ, ಈಗ ನಾನು ಮೇಲ್ ಹಾಕಿದರೆ ಅದರ ಮೇಲೆ ಬರೆದುಕೊಡಬಹುದಾ ಅಂತ ಕೇಳಿದೆ. "ಸಂಬಳ ಆಯ್ತಲ್ಲ ಸಾರ್, ಇನ್ಯಾಕೆ" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, "ಹಾಕಿ, ಕೊಡಣ" ಅಂದರು. ಹಾಕಿದೆ, ಕನ್ನಡದಲ್ಲಿ. ಆಫೀಸಿನ ಐಡಿಯಿಂದ ಕನ್ನಡದಲ್ಲಿ ಕಳಿಸಿದ ಮೊದಲ ಮೇಲ್ ಅದು. ಮೂರು ಸಾಲು ಬರೆಯಲು ಅರ್ಧ ಗಂಟೆ ಹಿಡಿಯಿತು.

ಕೋಡಿನಲ್ಲೂ ಬದಲಾವಣೆ ಮಾಡಿದೆ. ಈಗ ಹೋಗದ ಮೆಸೇಜುಗಳು ಬೇರೆ ಸಾಲಿಗೆ ಸೇರುತ್ತವೆ, ಒಂದೇ ಒಂದು ಉಳಿದರೂ ಡ್ಯಾಶ್‌ಬೋರ್ಡ್ ಹಸಿರಾಗುವುದಿಲ್ಲ. ಅದಕ್ಕೆ ಮೀಟಿಂಗಿನಲ್ಲಿ ವಿರೋಧ ಬಂತು, ಯಾವಾಗಲೂ ಹಳದಿ ಕಂಡರೆ ಕ್ಲೈಂಟ್ ಗಾಬರಿ ಆಗ್ತಾರೆ ಅಂತ. ಪ್ರತಿ ಮೆಸೇಜಿಗೂ ಒಬ್ಬರ ಹೆಸರು ಬರೆಯುವ ಪದ್ಧತಿ ಇಟ್ಟಿದ್ದೇವೆ, ಅವರು ನೋಡಿಯೇ ಮುಚ್ಚಬೇಕು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಈಗೀಗ ನೋಡದೆ ಮುಚ್ಚುವುದು ಮತ್ತೆ ಶುರುವಾಗಿದೆ ಅಂತ ಅನುಮಾನ. ಕಳೆದ ವಾರ ನಾನೇ ಒಂದನ್ನು ಹಾಗೆ ಮುಚ್ಚಲು ಹೋಗಿ ಕೈ ಹಿಂದೆ ತೆಗೆದೆ.

ಲಾಸ್ಟ್ ನೇಮ್ ಕಡ್ಡಾಯ ಅನ್ನುವುದನ್ನು ತೆಗೆಯಿರಿ ಅಂತಲೂ ಕೇಳಿದ್ದೆವು. ಸಾಫ್ಟ್‌ವೇರ್ ಮಾಡಿದವರು, ಅದು ಜಾಗತಿಕ ಸೆಟ್ಟಿಂಗು, ಒಂದು ಊರಿಗೋಸ್ಕರ ಬದಲಿಸಲಾಗದು ಅಂದರು. ಕೊನೆಗೆ ಒಪ್ಪಿಗೆಯಾದ ಪರಿಹಾರ ಏನು ಗೊತ್ತಾ? ನನ್ನ ಸಾಲಿನಲ್ಲಿ ಚುಕ್ಕಿಗೆ ವಿನಾಯಿತಿ. ಗುಮಾಸ್ತರ ಹಳೇ ಉಪಾಯಕ್ಕೆ ಈಗ ಡಿಸೈನ್ ಡಾಕ್ಯುಮೆಂಟಿನಲ್ಲೇ ಜಾಗ ಸಿಕ್ಕಿದೆ. ಆ ಅಕ್ಕನ ಪೇ ಸ್ಲಿಪ್ಪಿನಲ್ಲಿ ಹೆಸರು, ಆಮೇಲೆ ಒಂದು ಸ್ಪೇಸು, ಆಮೇಲೆ ಒಂದು ಚುಕ್ಕಿ ಬರುತ್ತೆ. ಮೊದಲ ಸ್ಲಿಪ್ಪು ಕೈಗೆ ಬಂದಾಗ, ಇದೇನು ಕೊಳೆಯಾ ಅಂತ ಉಗುರಿನಲ್ಲಿ ಕೆರೆದು ನೋಡಿದರಂತೆ.